ಬಂದವರ ಲೆಕ್ಕ, ಹೋದವರ ಲೆಕ್ಕ

ಆಸ್ಪತ್ರೆಯ ಅಂಕಿಅಂಶ ಎಷ್ಟು ಬೇಗ ಮೇಲಕ್ಕೆ ತಲುಪಿತು ಎಂಬುದಕ್ಕಿಂತ, ಅದರಿಂದ ಕೆಳಗೆ ಯಾವ ತೀರ್ಮಾನ ಬಂತು ಎಂಬುದು ಮುಖ್ಯ. ನಮ್ಮ ಆರೋಗ್ಯ ಇಲಾಖೆಯ ಮಾಹಿತಿ ವ್ಯವಸ್ಥೆಯನ್ನು ಕಾರವಾರದ ಬೈತಖೋಲ ಮೀನುಗಾರಿಕೆ ಬಂದರಿನಲ್ಲಿ ನಿಂತು ಅಳೆದರೆ ಅದರ ಬಲವೂ ಕೊರತೆಯೂ ಒಟ್ಟಿಗೇ ಕಾಣುತ್ತವೆ.

ಬಲದ ಮಾತು ಮೊದಲು. ಐಎಚ್‌ಐಪಿ ಎಂಬ ರೋಗ ಕಣ್ಗಾವಲು ಪೋರ್ಟಲ್ 2018ರಲ್ಲಿ ಮೊದಲು ಜಾರಿಯಾದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆರೋಗ್ಯ ಕಾರ್ಯಕರ್ತೆ ಲಕ್ಷಣಗಳನ್ನು ಎಸ್ ಫಾರ್ಮ್‌ನಲ್ಲಿ, ವೈದ್ಯರು ಶಂಕಿತ ರೋಗವನ್ನು ಪಿ ಫಾರ್ಮ್‌ನಲ್ಲಿ, ಪ್ರಯೋಗಾಲಯ ಖಚಿತವಾದದ್ದನ್ನು ಎಲ್ ಫಾರ್ಮ್‌ನಲ್ಲಿ ದಾಖಲಿಸುತ್ತಾರೆ. ವಾರಕ್ಕೊಮ್ಮೆ ಸಿಗುತ್ತಿದ್ದ ಚಿತ್ರ ಈಗ ದಿನದಿನವೂ ಸಿಗುತ್ತದೆ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಎಲ್ಲಿ ಎಷ್ಟು ಜನರಿಗೆ ಕಚ್ಚಿತೆಂದು ತಿಳಿದರೆ ತಾನೇ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಪ್ರತಿವಿಷ ಇಡಬೇಕೆಂದು ಹೇಳಲು ಸಾಧ್ಯ? ಅಂಕಿಅಂಶದ ನಿಜವಾದ ಕೆಲಸ ಇದು.

ಕೊರತೆ ಎರಡು ಕಡೆ ಇದೆ. ಮೊದಲನೆಯದು ಯಾರನ್ನು ಎಣಿಸುತ್ತೇವೆ ಎಂಬುದು. ಆಶಾ ಕಾರ್ಯಕರ್ತೆಯ ಸಮೀಕ್ಷೆ ನಡೆಯುವುದು ಮನೆ ಮನೆಗೆ. ಹೊರರಾಜ್ಯದಿಂದ ಬಂದು ಬಂದರಿನಲ್ಲಿ ದುಡಿಯುವ, ದೋಣಿಯಲ್ಲೇ ಮಲಗುವ ಖಲಾಸಿಗೆ ಮನೆ ನಂಬರಿಲ್ಲ. ಜೂನ್, ಜುಲೈ ತಿಂಗಳ ಮೀನುಗಾರಿಕೆ ನಿಷೇಧದಲ್ಲಿ ಊರಿಗೆ ಹೋಗಿ ಆಗಸ್ಟ್‌ನಲ್ಲಿ ಮರಳುವ ಆತನಿಗೆ ಜ್ವರ ಬಂದರೆ ಪ್ರಕರಣವೇನೋ ದಾಖಲಾಗುತ್ತದೆ. ಆದರೆ ಅವನಂಥ ಎಷ್ಟು ಜನರಲ್ಲಿ ಒಬ್ಬನಿಗೆ ಬಂತು ಎಂಬುದು ತಿಳಿಯುವುದಿಲ್ಲ. ನಿಷೇಧ ಮುಗಿದು ದೋಣಿಗಳು ಇಳಿಯುವ ವಾರವೇ ಬಂದರಿನಲ್ಲಿ ರಕ್ತ ಪರೀಕ್ಷೆ ನಡೆಸಿ, ಹೆಸರು ಬರೆದುಕೊಂಡರೆ ಈ ಕೊರತೆ ಬಹುಪಾಲು ನೀಗುತ್ತದೆ.

ಎರಡನೆಯದು ಇನ್ನೂ ಗಂಭೀರ. ಆಸ್ಪತ್ರೆ ತನ್ನ ಬಾಗಿಲಿಗೆ ಬಂದವರನ್ನು ಎಣಿಸುತ್ತದೆ. ಹೃದಯಾಘಾತವಾಗಿ, ತಲೆಗೆ ಪೆಟ್ಟಾಗಿ ನೇರ ಗೋವಾಕ್ಕೋ ಸುಮಾರು 200 ಕಿ.ಮೀ. ದೂರದ ಮಣಿಪಾಲಕ್ಕೋ ಹೋದವರು ಆ ಎಣಿಕೆಗೆ ಸಿಗುವುದಿಲ್ಲ. ತಜ್ಞರಿಲ್ಲದ್ದಕ್ಕೆ ರೋಗಿ ಬರುವುದಿಲ್ಲ. ರೋಗಿ ಬರಲಿಲ್ಲವೆಂದು ಕಾಗದದ ಮೇಲೆ ಬೇಡಿಕೆಯೂ ಕಡಿಮೆ ಕಾಣುತ್ತದೆ. 2022ರ ಜುಲೈನಲ್ಲಿ ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾದ ಮೇಲೆ, ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ದನಿ ಎತ್ತಬೇಕಾಯಿತು. ಆ ಬೇಡಿಕೆಯನ್ನು ಸರ್ಕಾರದ ಕಡತಗಳೇ ಮೊದಲು ಹೇಳಬೇಕಿತ್ತು.

ಹೇಳಲು ಬೇಕಾದ ಸಾಮಗ್ರಿ ಇಲ್ಲದೆ ಇಲ್ಲ. 108 ಆಂಬುಲೆನ್ಸ್ ಯಾರನ್ನು ಎಲ್ಲಿಂದ ಎಲ್ಲಿಗೆ ಒಯ್ದಿತೆಂಬ ದಾಖಲೆ ಇರುತ್ತದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಯಾವ ರೋಗಕ್ಕೆ ಯಾವ ಆಸ್ಪತ್ರೆಗೆ ಹಣ ಸಂದಾಯವಾಯಿತೆಂಬ ಲೆಕ್ಕ ಇರುತ್ತದೆ. ಸರ್ಕಾರಿ ವೈದ್ಯರು ಬರೆಯುವ ರೆಫರಲ್ ಚೀಟಿಗಳಿವೆ. ಈ ಮೂರನ್ನೂ ಹೆಸರು ತೆಗೆದು, ತಾಲ್ಲೂಕುವಾರು ಜೋಡಿಸಿ ಪ್ರತಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಯಾವ ವಿಭಾಗ ಮೊದಲು ಬಲಗೊಳ್ಳಬೇಕೆಂದು ಆಗ ಊಹಿಸಬೇಕಾಗಿಲ್ಲ. ಜಿಲ್ಲೆ ಬಿಟ್ಟು ಹೋದ ರೋಗಿಯನ್ನು ಎಣಿಸುವವರೆಗೆ ನಮ್ಮ ಡ್ಯಾಶ್‌ಬೋರ್ಡ್‌ಗಳು ಎಷ್ಟೇ ಚುರುಕಾಗಿದ್ದರೂ ಅರ್ಧ ಕೆಲಸವನ್ನಷ್ಟೇ ಮಾಡುತ್ತವೆ.