ತಿದ್ದಿದ ಒಂದು ಸಾಲು

ಮಡಿದವರನ್ನು ಕುರಿತು ಬರೆಯುವವನಿಗೆ ಇರಬೇಕಾದ ಹೊಣೆ ಎಂಥದು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ಕೆನಡಾದ ಗಾಯಕ ಗಾರ್ಡನ್ ಲೈಟ್‌ಫುಟ್ 1976ರಲ್ಲಿ ಹೊರತಂದ 'ದಿ ರೆಕ್ ಆಫ್ ದಿ ಎಡ್ಮಂಡ್ ಫಿಟ್ಜೆರಾಲ್ಡ್' ಎಂಬ ಗೀತೆಯನ್ನು ಇಲ್ಲಿ ಪರಿಶೀಲಿಸಲು ಇಚ್ಛಿಸುತ್ತೇನೆ. ಅದು ಹಡಗೊಂದರ ಮುಳುಗಡೆಯ ಕಥನಗೀತೆ. ನಮ್ಮ ಲಾವಣಿಗಳಂತೆ ಘಟನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡು ಹೋಗುವ, ಪಲ್ಲವಿಯೇ ಇಲ್ಲದ, ಒಂದೇ ಧಾಟಿಯಲ್ಲಿ ಸುಮಾರು ಆರೂವರೆ ನಿಮಿಷ ಸಾಗುವ ಹಾಡು. ಆ ವರ್ಷ ಕೆನಡಾದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಅದು ಮೊದಲನೆಯ ಸ್ಥಾನವನ್ನೂ ಅಮೆರಿಕದಲ್ಲಿ ಎರಡನೆಯ ಸ್ಥಾನವನ್ನೂ ಪಡೆಯಿತು.

ವಾಚಕರ ಅನುಕೂಲಕ್ಕಾಗಿ ಮೊದಲು ಘಟನೆಯನ್ನು ನಿವೇದಿಸುತ್ತೇನೆ. ಅಮೆರಿಕ ಮತ್ತು ಕೆನಡಾ ದೇಶಗಳ ನಡುವೆ ಹರಡಿರುವ ಐದು ಮಹಾಸರೋವರಗಳಲ್ಲಿ ಸುಪೀರಿಯರ್ ಎಲ್ಲಕ್ಕಿಂತ ದೊಡ್ಡದು. ಅದರ ವಿಸ್ತಾರ ಸುಮಾರು 82,000 ಚದರ ಕಿಲೋಮೀಟರು. ಹೆಸರಿಗೆ ಸರೋವರವಾದರೂ ನವೆಂಬರ್ ತಿಂಗಳ ಬಿರುಗಾಳಿಯಲ್ಲಿ ಅದು ಸಮುದ್ರಕ್ಕೆ ಯಾವ ವಿಧದಲ್ಲಿಯೂ ಕಡಿಮೆಯಲ್ಲ. 1975ರ ನವೆಂಬರ್ 9ರ ಮಧ್ಯಾಹ್ನ ವಿಸ್ಕಾನ್ಸಿನ್ ರಾಜ್ಯದ ಸುಪೀರಿಯರ್ ಬಂದರಿನಿಂದ 26,116 ಟನ್ನು ಕಬ್ಬಿಣದ ಅದಿರಿನ ಉಂಡೆಗಳನ್ನು ಹೇರಿಕೊಂಡು ಎಡ್ಮಂಡ್ ಫಿಟ್ಜೆರಾಲ್ಡ್ ಎಂಬ 729 ಅಡಿ ಉದ್ದದ ಹಡಗು ಡೆಟ್ರಾಯಿಟ್ ಬಳಿಯ ಜಗ್ ದ್ವೀಪಕ್ಕೆ ಹೊರಟಿತು. ಮರುದಿನ ಅಪರಾಹ್ನ ಡೆಕ್ಕಿನ ಅಂಚಿನ ಬೇಲಿ ಮುರಿದಿದೆ, ಗಾಳಿಕೊಳವೆಗಳು ಕಿತ್ತುಹೋಗಿವೆ, ಹಡಗು ಒಂದು ಪಕ್ಕಕ್ಕೆ ವಾಲಿದೆ ಎಂದು ಕಪ್ತಾನ ಅರ್ನೆಸ್ಟ್ ಮೆಕ್‌ಸೋರ್ಲಿ ರೇಡಿಯೊ ಮೂಲಕ ತಿಳಿಸಿದರು. ಅನಂತರ ರೇಡಾರುಗಳೂ ಕೆಟ್ಟವು. ಮುಂದಿನ ಆಶ್ರಯವಾದ ವೈಟ್‌ಫಿಶ್ ಭೂಶಿರದ ದೀಪಸ್ತಂಭವೂ ರೇಡಿಯೊ ಸಂಕೇತವೂ ಆ ಸಂಜೆ ಕೆಲಸ ಮಾಡುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಆರ್ಥರ್ ಎಂ. ಆಂಡರ್ಸನ್ ಹಡಗೇ ಅದಕ್ಕೆ ಕಣ್ಣಾಗಿತ್ತು. ಸಂಜೆ 7 ಗಂಟೆ 10 ನಿಮಿಷಕ್ಕೆ ಆಂಡರ್ಸನ್ನಿನವರು ಪರಿಸ್ಥಿತಿ ಹೇಗಿದೆಯೆಂದು ಕೇಳಿದಾಗ, ಹೇಗೋ ತಾಳಿಕೊಂಡಿದ್ದೇವೆ ಎಂಬರ್ಥದ ಉತ್ತರ ಬಂತು. ಅದೇ ಕೊನೆಯ ಮಾತು. ಕೆಲವೇ ನಿಮಿಷಗಳಲ್ಲಿ ರೇಡಾರಿನ ತೆರೆಯ ಮೇಲೆ ಹಡಗು ಕಾಣದಾಯಿತು. ವೈಟ್‌ಫಿಶ್ ಕೊಲ್ಲಿ ಇನ್ನು ಕೇವಲ 17 ಮೈಲಿ ದೂರದಲ್ಲಿತ್ತು. ಹಡಗಿನಲ್ಲಿದ್ದ 29 ಮಂದಿಯಲ್ಲಿ ಒಬ್ಬನೂ ಉಳಿಯಲಿಲ್ಲ, ಒಬ್ಬನ ದೇಹವೂ ದಡಕ್ಕೆ ಬರಲಿಲ್ಲ. ಕೊಲ್ಲಿಯ ಆಶ್ರಯವನ್ನು ತಲುಪಿದ್ದ ಆಂಡರ್ಸನ್ನಿನ ಕಪ್ತಾನ ಕೂಪರ್, ಹುಡುಕಾಟಕ್ಕಾಗಿ ಅದೇ ಬಿರುಗಾಳಿಗೆ ತಮ್ಮ ಹಡಗನ್ನು ಮರಳಿ ತಿರುಗಿಸಿದರೆಂಬ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಾಡಿನಲ್ಲಿ ಅದಕ್ಕೆ ಸ್ಥಳ ಸಿಕ್ಕಿಲ್ಲ.

ಆ ಸರೋವರಗಳಲ್ಲಿ ಇದೇ ಮೊದಲ ದುರಂತವೂ ಅಲ್ಲ, ಅತಿ ದೊಡ್ಡ ದುರಂತವೂ ಅಲ್ಲ. 1913ರ ನವೆಂಬರಿನ ಬಿರುಗಾಳಿಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. 1958ರಲ್ಲಿ ಮಿಷಿಗನ್ ಸರೋವರದಲ್ಲಿ ಕಾರ್ಲ್ ಡಿ. ಬ್ರಾಡ್ಲಿ ಹಡಗಿನೊಡನೆ 33 ಮಂದಿ, 1966ರಲ್ಲಿ ಹ್ಯೂರನ್ ಸರೋವರದಲ್ಲಿ ಡೇನಿಯಲ್ ಜೆ. ಮೊರೆಲ್ ಹಡಗಿನೊಡನೆ 28 ಮಂದಿ ಮಡಿದರು. ಆ ಹೆಸರುಗಳನ್ನು ದಡದ ಊರುಗಳಾಚೆ ಬಲ್ಲವರು ವಿರಳ. ಫಿಟ್ಜೆರಾಲ್ಡನ್ನು ಲೋಕವೇ ಬಲ್ಲುದಕ್ಕೆ ಈ ಹಾಡೇ ಕಾರಣ. ಹೀಗೆ ಜನರ ನೆನಪಿನ ಪೂರ್ಣ ಅಧಿಕಾರವನ್ನು ಒಂದು ಕೃತಿ ಪಡೆದಾಗ, ಅದರ ಸತ್ಯಾಸತ್ಯಗಳನ್ನು ರಸವಿಮರ್ಶೆಯಿಂದ ಬೇರ್ಪಡಿಸಿ ಸುಮ್ಮನಿರುವುದು ವಿಮರ್ಶಕನಿಗೆ ಸಾಧ್ಯವಾಗದು.

ಹಾಡಿನ ಗುಣಗಳನ್ನು ಮೊದಲು ಒಪ್ಪಿಕೊಳ್ಳೋಣ. ಅದರಲ್ಲಿ ಕಣ್ಣೀರಿನ ವ್ಯಾಪಾರವಿಲ್ಲ. ಅದಿರಿನ ತೂಕ, ಬಂದರು, ಹೊತ್ತು, ಗಾಳಿಯ ದಿಕ್ಕು ಇವುಗಳನ್ನು ಲೆಕ್ಕದ ಪುಸ್ತಕದಲ್ಲಿ ಬರೆದಂತೆ ಹೇಳುತ್ತ ಹೋಗುವ ಕವಿ, ಕೇಳುಗನ ಮನಸ್ಸನ್ನು ತಾನಾಗಿ ಕಲಕಲು ಬಿಡುತ್ತಾನೆ. ಭಗವಂತನ ಕರುಣೆ ಆ ಗಳಿಗೆಯಲ್ಲಿ ಎಲ್ಲಿತ್ತು ಎಂದು ಒಮ್ಮೆ ಕೇಳಿ, ಉತ್ತರ ಹೇಳುವ ಗೋಜಿಗೆ ಹೋಗದೆ ಮುಂದೆ ಸಾಗುತ್ತಾನೆ. ಇಂಥ ಸಂಯಮ ಶೋಕಗೀತೆಗಳಲ್ಲಿ ಅಪರೂಪ. ಹಡಗು ಕ್ಲೀವ್‌ಲೆಂಡಿಗೆ ಹೊರಟಿತ್ತೆಂದು ಹಾಡಿನಲ್ಲಿ ಬರುವುದು ತಪ್ಪಾದರೂ ಅದರಿಂದ ಯಾರಿಗೂ ನೋವಿಲ್ಲ. ಅದನ್ನು ಬಿಟ್ಟುಬಿಡಬಹುದು.

ಬಿಡಲಾಗದ ಸಾಲು ಬೇರೊಂದಿದೆ. ಹಡಗಿನ ಸರಕುಕೋಣೆಗಳ ಬಾಯಿಗೆ ಮುಚ್ಚಳಗಳಿರುತ್ತವೆ. ಅವಕ್ಕೆ ಹ್ಯಾಚ್ ಎಂದು ಹೆಸರು. ಫಿಟ್ಜೆರಾಲ್ಡಿನಲ್ಲಿ ಅಂಥವು 21. ಪ್ರತಿಯೊಂದಕ್ಕೂ ಕೈಯಿಂದ ಬಿಗಿಯಬೇಕಾದ 68 ಹಿಡಿಕೆಗಳು. ಅವುಗಳನ್ನು ಬಿಗಿಯುವುದು ಡೆಕ್ಕಿನ ಆಳುಗಳ ಕೆಲಸ. ಏಳು ಗಂಟೆಗೆ ಮುಖ್ಯ ಹ್ಯಾಚೊಂದು ಕುಸಿಯಿತೆಂದು ಲೈಟ್‌ಫುಟ್ ಹಾಡಿದರು. ಅದರ ಹಿಂದೆಯೇ ಅಡಿಗೆಯವನ ಬಾಯಲ್ಲಿ ವಿದಾಯದ ಮಾತೊಂದನ್ನು ಇಟ್ಟರು. ಬದುಕುಳಿದು ಬಂದು ಹೇಳಿದವರು ಯಾರೂ ಇಲ್ಲದಿರುವಾಗ ಅಡಿಗೆಯವನ ಮಾತು ಕಲ್ಪನೆಯೆಂಬುದು ಸ್ಪಷ್ಟ, ಅದು ಕವಿಗೆ ಸಲ್ಲುವ ಸ್ವಾತಂತ್ರ್ಯವೇ ಆಯಿತು. ಹ್ಯಾಚಿನ ಮಾತು ಹಾಗಲ್ಲ. ಅದೊಂದು ಕಾರಣನಿರ್ಣಯ. ತನಿಖಾ ಮಂಡಳಿ ತನ್ನ ವರದಿಯನ್ನು ಕೊಡುವ ಮುನ್ನವೇ ಹಾಡು ತನ್ನ ತೀರ್ಪನ್ನು ಕೊಟ್ಟುಬಿಟ್ಟಿತು.

1977ರಲ್ಲಿ ಅಮೆರಿಕದ ಕರಾವಳಿ ರಕ್ಷಣಾ ಪಡೆಯ ಮಂಡಳಿಯೂ ಬಹುತೇಕ ಅದನ್ನೇ ಹೇಳಿತು: ಹ್ಯಾಚುಗಳು ನೀರನ್ನು ತಡೆಯುವಂತೆ ಸರಿಯಾಗಿ ಮುಚ್ಚಿರದ ಕಾರಣ ಸರಕುಕೋಣೆಗಳಲ್ಲಿ ನೀರು ತುಂಬಿರಬೇಕು ಎಂದು. ಮರುವರ್ಷ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು, ಅಲೆಗಳ ಭಾರಕ್ಕೆ ಮುಚ್ಚಳವೇ ಕುಸಿದಿರಬೇಕೆಂದಿತು. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಮೊದಲನೆಯದು ಬಿಗಿದವನ ಕೈಯನ್ನು ತೋರಿಸುತ್ತದೆ, ಎರಡನೆಯದು ಮುಚ್ಚಳದ ಬಲವನ್ನು. ಆ ಮಂಡಳಿಯ ಒಬ್ಬ ಸದಸ್ಯರು ಭಿನ್ನಮತ ಬರೆದು, ಕ್ಯಾರಿಬೂ ದ್ವೀಪದ ಬಳಿಯ ನೀರೊಳಗಿನ ದಿಬ್ಬಕ್ಕೆ ಹಡಗಿನ ತಳ ತಾಗಿರಬೇಕೆಂದರು. ಹಡಗು ಸಾಗಣೆಯ ಸಂಸ್ಥೆಗಳ ಒಕ್ಕೂಟದ ವಾದವೂ ಅದೇ ಆಗಿತ್ತು. ಇಂದಿಗೂ ಎಲ್ಲರೂ ಒಪ್ಪಿದ ಕಾರಣವೊಂದಿಲ್ಲ.

ಸರಕು ಸಾಗಣೆಯ ಲೆಕ್ಕ ನೋಡುತ್ತಲೇ ಆಯುಷ್ಯ ಕಳೆದ ವರ್ತಕನಾದ ನನ್ನ ಕಣ್ಣು ಈ ದಾಖಲೆಗಳಲ್ಲಿ ಬೇರೊಂದು ಸಂಗತಿಯ ಮೇಲೆ ನಿಲ್ಲುತ್ತದೆ. ತುಂಬಿದ ಹಡಗಿನ ಡೆಕ್ಕು ನೀರಿನ ಮಟ್ಟದಿಂದ ಇಷ್ಟು ಎತ್ತರದಲ್ಲಿರಬೇಕೆಂಬ ನಿಯಮವುಂಟು. 1958ರಲ್ಲಿ ಈ ಹಡಗು ನೀರಿಗಿಳಿದಾಗ ಇದ್ದ ಆ ಎತ್ತರವನ್ನು 1969, 1971 ಮತ್ತು 1973ರ ತಿದ್ದುಪಡಿಗಳ ಮೂಲಕ ಒಟ್ಟು 3 ಅಡಿ 3.25 ಅಂಗುಲದಷ್ಟು ತಗ್ಗಿಸಲಾಯಿತು. ಹಡಗು ಅಷ್ಟು ಹೆಚ್ಚು ಮುಳುಗಬಹುದು ಎಂದರೆ ಪ್ರತಿ ಪ್ರಯಾಣದಲ್ಲಿ ಅಷ್ಟು ಹೆಚ್ಚು ಅದಿರು, ಅಷ್ಟು ಹೆಚ್ಚು ಬಾಡಿಗೆ. ಕೊನೆಯ ದಿನ ಡೆಕ್ಕು ನೀರಿನಿಂದ ಸುಮಾರು ಹನ್ನೊಂದೂವರೆ ಅಡಿ ಮೇಲಿತ್ತು. ಆಂಡರ್ಸನ್ನಿನವರು ಕಂಡ ಅಲೆಗಳು 25ರಿಂದ 35 ಅಡಿ. ಹೇರಿದ ಭಾರ ಕಾನೂನಿನ ಮಿತಿಯನ್ನು ಮೀರಿರಲಿಲ್ಲ, ಮಿತಿಯೇ ಸರಿದಿತ್ತು. ಅತಿಭಾರಾರೋಪಣವೆಂಬ ಅತಿಚಾರವನ್ನು ಬಲ್ಲ ನಮ್ಮ ವಾಚಕರಿಗೆ ಈ ಸೂಕ್ಷ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಗಮನಾರ್ಹವೆಂದರೆ, ಹ್ಯಾಚುಗಳತ್ತ ಬೆರಳು ತೋರಿದ 1977ರ ಅದೇ ವರದಿಯು ಈ ಸಡಿಲಿಕೆಗಳನ್ನು ರದ್ದುಪಡಿಸಬೇಕೆಂದೂ ಶಿಫಾರಸು ಮಾಡಿತ್ತು. ಹ್ಯಾಚಿನ ಮಾತು ಜನರ ಬಾಯಲ್ಲಿ ಉಳಿಯಿತು, ಶಿಫಾರಸು ಕಡತದಲ್ಲಿ ಉಳಿಯಿತು.

ಇದಕ್ಕೆ ಹಾಡೂ ಭಾಗಶಃ ಕಾರಣವೆಂಬುದು ನನ್ನ ಆಕ್ಷೇಪ. ಅದರಲ್ಲಿ ಖಳನಾಯಕನಿದ್ದರೆ ಅವನು ನವೆಂಬರಿನ ಗಾಳಿ. ಸರೋವರವು ತನ್ನ ಸತ್ತವರನ್ನು ಬಿಟ್ಟುಕೊಡುವುದಿಲ್ಲವೆಂಬ ಮಾತನ್ನು ಆ ತೀರದ ಮೂಲನಿವಾಸಿಗಳ ಐತಿಹ್ಯವೆಂದು ಕವಿ ಹೇಳುತ್ತಾನೆ. ಕೇಳಲು ಗಂಭೀರವಾಗಿದೆ. ವಾಸ್ತವದಲ್ಲಿ ಆ ನೀರಿನ ಕೊರೆಯುವ ಶೀತದಲ್ಲಿ ದೇಹಗಳು ಕೊಳೆತು ಉಬ್ಬುವುದಿಲ್ಲ, ಆದುದರಿಂದ ತೇಲಿ ಬರುವುದೂ ಇಲ್ಲ. ಪ್ರಕೃತಿಯನ್ನು ವಿಧಿಯನ್ನಾಗಿ ಮಾಡಿದಾಗ ಮನುಷ್ಯರು ಕಚೇರಿಗಳಲ್ಲಿ ಕುಳಿತು ಮಾಡಿದ ನಿರ್ಣಯಗಳು ಕಣ್ಮರೆಯಾಗುತ್ತವೆ. ಆ ಹಡಗಿನ ಒಡೆತನ ಒಂದು ಜೀವವಿಮಾ ಕಂಪನಿಯದಾಗಿತ್ತು, ಅದರ ಅಧ್ಯಕ್ಷರ ಹೆಸರನ್ನೇ ಹಡಗಿಗೆ ಇಡಲಾಗಿತ್ತು ಎಂಬುದು ಹಾಡನ್ನು ಕೇಳಿದ ಎಷ್ಟು ಜನಕ್ಕೆ ಗೊತ್ತು? ಹಡಗನ್ನು ನಡೆಸುತ್ತಿದ್ದ ಸಂಸ್ಥೆ ಮೃತರ ಕುಟುಂಬಗಳ ದಾವೆಗಳಲ್ಲಿ ತನ್ನ ಹೊಣೆಯನ್ನು 8,17,920 ಡಾಲರಿಗೆ ಸೀಮಿತಗೊಳಿಸಬೇಕೆಂದು ನ್ಯಾಯಾಲಯವನ್ನು ಕೋರಿತ್ತು. ಇಪ್ಪತ್ತೊಂಬತ್ತರಿಂದ ಭಾಗಿಸಿದರೆ ತಲೆಗೆ 28,204 ಡಾಲರು ಬರುತ್ತದೆ.

ಆದಾಗ್ಯೂ ಲೈಟ್‌ಫುಟ್‌ರ ಮುಂದಿನ ನಡತೆಯನ್ನು ಪರಿಗಣಿಸದೆ ಈ ವಿಮರ್ಶೆಯನ್ನು ಮುಗಿಸಿದರೆ ಅನ್ಯಾಯವಾದೀತು. ಹ್ಯಾಚುಗಳ ಹೊಣೆ ಹೊತ್ತಿದ್ದ ನಾವಿಕರ ಮನೆಯವರಿಗೆ ಆ ಸಾಲು ಮುಳ್ಳಾಗಿತ್ತು. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು, ಮಗನ ಅಲಕ್ಷ್ಯದಿಂದಲೇ ಇಪ್ಪತ್ತೆಂಟು ಜನ ಸತ್ತರೆಂಬ ಸೂಚನೆಯನ್ನು ರೇಡಿಯೊದಲ್ಲಿ, ಅಂಗಡಿಯಲ್ಲಿ, ನೆರೆಮನೆಯಲ್ಲಿ ಜೀವನಪರ್ಯಂತ ಕೇಳುತ್ತಿರಬೇಕೆಂದರೆ ಅದು ಎಂಥ ಶಿಕ್ಷೆ! 2010ರಲ್ಲಿ ಹೊರಬಂದ ಸಾಕ್ಷ್ಯಚಿತ್ರವೊಂದು, ಮಹತ್ತರವಾದ ಅಲೆಗಳು ಹಡಗನ್ನು ಮುರಿದಿರಬಹುದು, ನಾವಿಕರ ತಪ್ಪಿರಲಾರದು ಎಂಬ ಅಭಿಪ್ರಾಯವನ್ನು ಮಂಡಿಸಿತು. ಅದಾದ ಮೇಲೆ ಲೈಟ್‌ಫುಟ್ ವೇದಿಕೆಯ ಮೇಲೆ ಆ ಸಾಲನ್ನು ಬದಲಿಸಿದರು. ಏಳು ಗಂಟೆಗೆ ಹ್ಯಾಚು ಕುಸಿಯುವುದರ ಬದಲು ಕತ್ತಲೆ ಕವಿಯಿತು ಎಂದು ಹಾಡತೊಡಗಿದರು. ಇದಕ್ಕೂ ಹಿಂದೆ, ಡೆಟ್ರಾಯಿಟಿನ ನಾವಿಕರ ಚರ್ಚನ್ನು ಮುಗ್ಗಲು ಹಿಡಿದದ್ದೆಂದು ಹಾಡಿದ್ದಕ್ಕೆ ಅಲ್ಲಿನ ಭಕ್ತರು ಬೇಸರ ತೋರಿದಾಗ ಆ ವಿಶೇಷಣವನ್ನೂ ತಿದ್ದಿಕೊಂಡಿದ್ದರು.

ಸಾಕ್ಷ್ಯಚಿತ್ರದ ವಾದವೂ ಊಹೆಯೇ ತಾನೆ, ಒಂದು ಊಹೆಗಾಗಿ ಇನ್ನೊಂದನ್ನು ಕೈಬಿಡುವುದು ಸತ್ಯನಿಷ್ಠೆ ಹೇಗಾದೀತು ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಆದರೆ ಕವಿ ಹಾಕಿದ ಹೊಸ ಸಾಲನ್ನು ಗಮನಿಸಬೇಕು. ಆತ ಅಲ್ಲಿ ದೈತ್ಯ ಅಲೆಯನ್ನು ತರಲಿಲ್ಲ. ತಾನು ಅರಿಯದುದರ ಸ್ಥಳದಲ್ಲಿ ಮತ್ತೊಂದು ಕಾರಣವನ್ನು ಕೂರಿಸದೆ, ಯಾರೂ ಅಲ್ಲಗಳೆಯಲಾಗದ ಕತ್ತಲೆಯನ್ನು ಮಾತ್ರ ಇಟ್ಟ. ನವೆಂಬರಿನಲ್ಲಿ ಆ ಉತ್ತರದ ನಾಡಿನಲ್ಲಿ ಏಳು ಗಂಟೆಗೆ ಕತ್ತಲಾಗಿಯೇ ಬಹಳ ಹೊತ್ತಾಗಿರುತ್ತದೆ ಎಂದು ಹಟಮಾರಿ ವಿಮರ್ಶಕನೊಬ್ಬ ತಗಾದೆ ತೆಗೆಯಬಹುದು. ತೆಗೆಯಲಿ. ಕಾವ್ಯದ ದೃಷ್ಟಿಯಿಂದ ಹಳೆಯ ಸಾಲೇ ಹೆಚ್ಚು ರಭಸವುಳ್ಳದ್ದೆಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ. ಕೃತಿಯ ಅತ್ಯಂತ ತೀವ್ರವಾದ ಸಾಲನ್ನೇ, ಮೂವತ್ತನಾಲ್ಕು ವರ್ಷಗಳ ಕೀರ್ತಿಯ ನಂತರ, ಕೆಲವು ಮನೆಗಳ ನೆಮ್ಮದಿಗಾಗಿ ಮಂದಗೊಳಿಸಲು ಒಪ್ಪಿದ ಕವಿಯನ್ನು ನಾನು ಇನ್ನೊಬ್ಬನನ್ನು ಕಂಡಿಲ್ಲ.

ಆ ಕುಟುಂಬಗಳು ನೆನಪಿನ ರೀತಿಯ ಬಗೆಗೆ ಬೇರೆ ಹೋರಾಟಗಳನ್ನೂ ಮಾಡಬೇಕಾಯಿತು. 1994ರಲ್ಲಿ 530 ಅಡಿ ಆಳಕ್ಕೆ ಇಳಿದ ಶೋಧಕರ ತಂಡವೊಂದು ಅಲ್ಲಿದ್ದ ಶವವನ್ನು ಚಿತ್ರೀಕರಿಸಿದಾಗ ಅವರು ಪ್ರತಿಭಟಿಸಿದರು. 1997ರಲ್ಲಿ ಮಿಷಿಗನ್ ರಾಜ್ಯ ಅಂಥ ಚಿತ್ರಗಳನ್ನು ನಿಷೇಧಿಸುವ ಕಾನೂನು ಮಾಡಿತು. ಹಡಗಿನ ಅವಶೇಷವಿರುವುದು ಕೆನಡಾದ ಜಲಪ್ರದೇಶದಲ್ಲಿ. ಒಂಟೇರಿಯೊ ಪ್ರಾಂತವೂ ತರುವಾಯ ಪರವಾನಗಿಯಿಲ್ಲದೆ ಅಲ್ಲಿಗೆ ಇಳಿಯಬಾರದೆಂದು ವಿಧಿಸಿತು. 1995ರ ಜುಲೈ 4ರಂದು ಕುಟುಂಬಗಳ ಇಚ್ಛೆಯಂತೆ ಹಡಗಿನ ಗಂಟೆಯನ್ನು ಮೇಲೆತ್ತಿ, 29 ಹೆಸರುಗಳನ್ನು ಕೆತ್ತಿದ ಬೇರೊಂದು ಗಂಟೆಯನ್ನು ಅದರ ಸ್ಥಳದಲ್ಲಿ ಇರಿಸಲಾಯಿತು. ಮೂಲ ಗಂಟೆ ವೈಟ್‌ಫಿಶ್ ಭೂಶಿರದ ವಸ್ತುಸಂಗ್ರಹಾಲಯದಲ್ಲಿದೆ. ಹಾಡಿನಲ್ಲಿ ಮಡಿದವರ ಒಂದು ಹೆಸರೂ ಇಲ್ಲ. ಯಾರೂ ನೋಡಲಾಗದ ಆಳದಲ್ಲಿರುವ ಆ ಗಂಟೆಯ ಮೇಲೆ ಎಲ್ಲವೂ ಇವೆ.

ಲೈಟ್‌ಫುಟ್ 2023ರ ಮೇ 1ರಂದು ತೀರಿಕೊಂಡರು. ಡೆಟ್ರಾಯಿಟಿನ ಆ ಚರ್ಚಿನಲ್ಲಿ ಮರುದಿನ ಗಂಟೆ 30 ಬಾರಿ ಮೊಳಗಿತು, ನಾವಿಕರಿಗಾಗಿ 29 ಮತ್ತು ಹಾಡಿದವನಿಗಾಗಿ ಒಂದು. ಅವರು ಸಾಲನ್ನು ತಿದ್ದಿದ್ದು ವೇದಿಕೆಯ ಗಾಯನದಲ್ಲಿ ಮಾತ್ರ. 1976ರ ಧ್ವನಿಮುದ್ರಿಕೆಯನ್ನು ಬದಲಿಸಲಿಲ್ಲ. ಈಗ ಜನ ಹೆಚ್ಚಾಗಿ ಕೇಳುವುದು ಅದನ್ನೇ. ಅದರಲ್ಲಿ ಇಂದಿಗೂ ಹ್ಯಾಚು ಏಳು ಗಂಟೆಗೆ ಕುಸಿಯುತ್ತದೆ.