ಹಳೇ ಗಾಳ, ಒಳ್ಳೇ ಗಾಳ, ಗೊತ್ತಿರುವ ಮಡು

ವಿಡಿಯೋ ಗೇಮನ್ನು ವಿಮರ್ಶೆಗೆ ತಗೊಳ್ಳೋದು ನಮ್ಮಲ್ಲಿ ಇನ್ನೂ ಅಷ್ಟಾಗಿ ರೂಢಿಯಾಗಿಲ್ಲ. ಸಿನಿಮಾದ ಬಗ್ಗೆ ಪುಟಗಟ್ಟಲೆ ಬರೆಯುತ್ತೇವೆ. ಮಕ್ಕಳು ಗಂಟೆಗಟ್ಟಲೆ ಮುಳುಗಿರುವ ಆಟವನ್ನು ಮಾತ್ರ 'ಕಣ್ಣು ಹಾಳು' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಪುಣೆ, ಮುಂಬಯಿಗಳ ಫ್ಲಾಟುಗಳಲ್ಲಿ ಬೆಳೆದ ಎಷ್ಟೋ ಕನ್ನಡದ ಮಕ್ಕಳು ಮೊದಲ ಮೀನು ಹಿಡಿದದ್ದು ಪೋಕೆಮಾನ್ ಆಟದಲ್ಲಿ. ಆ ಗಾಳ ಎಂಥದ್ದು ಅಂತ ಒಮ್ಮೆ ನೋಡಲೇಬೇಕು.

1996ರಲ್ಲಿ ಜಪಾನಿನಲ್ಲಿ ನಿಂಟೆಂಡೊ ಗೇಮ್ ಬಾಯ್‌ಗೆಂದು ಬಂದ ಮೊದಲ ಪೋಕೆಮಾನ್ ಆಟದಲ್ಲಿ ಮೂರು ಗಾಳಗಳಿವೆ: ಓಲ್ಡ್ ರಾಡ್, ಗುಡ್ ರಾಡ್, ಸೂಪರ್ ರಾಡ್. ಬೇರೆ ಬೇರೆ ಕಡೆ ನೆಲೆಸಿರುವ ಮೂವರು ಅಣ್ಣತಮ್ಮಂದಿರು ಇವನ್ನು ಪುಕ್ಕಟೆ ಕೊಡುತ್ತಾರೆ. ಹಳೇ ಗಾಳ ಎಲ್ಲಿ ಹಾಕಿದರೂ ಸಿಗೋದು ಮ್ಯಾಗಿಕಾರ್ಪ್ ಒಂದೇ, ಅದೂ ಐದನೇ ಲೆವೆಲ್ಲಿನದು. ಒಳ್ಳೇ ಗಾಳಕ್ಕೆ ಗೋಲ್ಡೀನ್, ಪೋಲಿವ್ಯಾಗ್ ಎರಡೇ. ಸೂಪರ್ ಗಾಳ ಕೈಗೆ ಬಂದ ಮೇಲಷ್ಟೇ ನೀರಿಂದ ನೀರಿಗೆ ಮೀನು ಬೇರೆಯಾಗುತ್ತದೆ.

ನನ್ನ ತಕರಾರು ಇಲ್ಲೇ. ಸಮುದ್ರವಾಗಲಿ, ಊರೊಳಗಿನ ಕೊಳವಾಗಲಿ, ಮೊದಲ ಎರಡು ಗಾಳಗಳಿಗೆ ಎಲ್ಲವೂ ಒಂದೇ. ಗಾಳ ಹಾಕುವವನಿಗೆ ಮೊದಲು ಬೇಕಾದದ್ದು ನೀರಿನ ಗುರುತು. ಯಾವ ಮಡು, ಯಾವ ಹೊತ್ತು, ಎರೆಹುಳವೋ ಹಿಟ್ಟೋ? ಆಟಕ್ಕೆ ಇದ್ಯಾವುದೂ ಬೇಡ. ಕಾಯೋದೂ ಇಲ್ಲ, ಬಟನ್ ಒತ್ತಿದ ಕೆಲವು ಕ್ಷಣದಲ್ಲೇ ತೀರ್ಮಾನ. ಪೂರ್ಣಚಂದ್ರ ತೇಜಸ್ವಿಯವರಂಥ ಗಾಳದ ಹುಚ್ಚಿನವರು ಇದನ್ನು ಮೀನು ಹಿಡಿಯೋದು ಅಂತ ಒಪ್ಪುತ್ತಿದ್ದರು ಅಂತ ನನಗನ್ನಿಸುವುದಿಲ್ಲ.

ಇದರಲ್ಲೊಂದು ವಿಪರ್ಯಾಸವೂ ಇದೆ. ಆಟದ ಕರ್ತೃ ಸತೋಶಿ ತಾಜಿರಿ ಟೋಕಿಯೋದ ಹೊರವಲಯದ ಮಾಚಿದಾದಲ್ಲಿ ಬೆಳೆದವರು. ಹುಳಹುಪ್ಪಟೆ ಹಿಡಿದು ಕೂಡಿಡೋದು ಹುಡುಗನ ಗೀಳು. ನೋಡನೋಡುತ್ತ ಅಲ್ಲಿನ ಬಯಲು, ಹೊಂಡಗಳ ಮೇಲೆ ರಸ್ತೆ, ಕಟ್ಟಡ ಎದ್ದವು. ಕಳೆದುಹೋದ ಆ ಸುಖವನ್ನು ಪೇಟೆಯ ಮಕ್ಕಳಿಗೆ ಮತ್ತೆ ಕೊಡುವ ಆಸೆಯಿಂದ ಈ ಆಟ ಹುಟ್ಟಿತು. ಅಂದರೆ ಇದು ಊರು ಬಿಡದೆಯೇ ಊರು ಕಳೆದುಕೊಂಡವರ ಕೃತಿ. ಅಂಥವರೇ ನೀರಿನ ಗುರುತನ್ನು ಮರೆತದ್ದು ಸಣ್ಣ ಕೊರತೆಯಲ್ಲ.

ಆದರೂ ಹಳೇ ಗಾಳದ ಆ ಮೀನು ನನಗೆ ಹಿಡಿಸಿತು. ಮ್ಯಾಗಿಕಾರ್ಪ್‌ಗೆ ಮೊದಮೊದಲು ಬರೋದು ಪಟಪಟ ಒದ್ದಾಡೋದೊಂದೇ. ಅದರಿಂದ ಎದುರಾಳಿಗೆ ಏನೂ ಆಗುವುದಿಲ್ಲ. ಗಾಳ ಸಿಗುವ ಮುಂಚೆಯೇ ವ್ಯಾಪಾರಿಯೊಬ್ಬ ಅದನ್ನು 500ಕ್ಕೆ ನಮ್ಮ ತಲೆಗೆ ಕಟ್ಟಲು ನೋಡುತ್ತಾನೆ. ದಾದರ್ ಸ್ಟೇಷನ್ನಿನಲ್ಲಿ ಟ್ರಂಕು ಇಳಿಸಿದ ಯಾವ ಕನ್ನಡಿಗನಿಗೂ ಈ ಆಸಾಮಿಯ ಪರಿಚಯ ಮಾಡಿಸಬೇಕಿಲ್ಲ! ಆದರೆ ಸಾಕಿ ಬೆಳೆಸಿದರೆ ಇಪ್ಪತ್ತನೇ ಲೆವೆಲ್ಲಿನಲ್ಲಿ ಅದೇ ಮೀನು ಗ್ಯಾರಡೋಸ್ ಎಂಬ ಘಟಸರ್ಪವಾಗುತ್ತದೆ. ಹಳದಿ ನದಿಯ ಸೆಳವಿಗೆದುರು ಈಜಿ ಡ್ರ್ಯಾಗನ್ ಬಾಗಿಲನ್ನು ಹಾರಿದ ಕಾರ್ಪ್ ಮೀನು ಡ್ರ್ಯಾಗನ್ ಆಗುತ್ತದೆಂಬ ಚೀನೀ ಐತಿಹ್ಯದ ನೆರಳು ಇದು. ಮಲೆನಾಡಿನವರಿಗೆ ಮೊದಲ ಮಳೆಗೆ ಹಳ್ಳದಲ್ಲಿ ಮೇಲೇರುವ ಹತ್ತುಮೀನು ನೆನಪಾದೀತು. ಗಾಳದಲ್ಲಿ ಇಲ್ಲದ ತಾಳ್ಮೆಯನ್ನು ಆಟ ಸಾಕುವುದರಲ್ಲಿ ಇಟ್ಟಿದೆ.

ನೀರಿನ ಗುರುತಿನ ಕೊರತೆ ತುಂಬಿದ್ದು 2002ರ ರೂಬಿ, ಸಫೈರ್ ಆಟಗಳಲ್ಲಿ. ಅಲ್ಲಿ 119ನೇ ರೂಟಿನ ಹೊಳೆಯಲ್ಲಿ ಫೀಬಾಸ್ ಎಂಬ ಕಳೆಗೆಟ್ಟ ಮೀನೊಂದಿದೆ. ಗಾಳ ಹಾಕಬಹುದಾದ ಚೌಕಗಳು ನಾನೂರಕ್ಕೂ ಹೆಚ್ಚು, ಫೀಬಾಸ್ ಇರೋದು ಆರರಲ್ಲಿ ಮಾತ್ರ. ಗಾಳ ಹಳೇದಾದರೂ ನಡೆಯುತ್ತದೆ, ಜಾಗ ಗೊತ್ತಿರಬೇಕು. ಇನ್ನೂ ಸ್ವಾರಸ್ಯವೆಂದರೆ, ದೂರದ ಡ್ಯೂಫೋರ್ಡ್ ಎಂಬ ಊರಿನಲ್ಲಿ ಜನರ ಬಾಯಲ್ಲಿ ಓಡಾಡುವ ಎರಡು ಪದದ ಮಾತೊಂದಿದೆ. ಆ ಮಾತು ಬದಲಾದರೆ ಹೊಳೆಯಲ್ಲಿ ಮೀನಿನ ಜಾಗವೂ ಬದಲಾಗುತ್ತದೆ! ಆಡುಮಾತಿಗೂ ನೀರಿಗೂ ಇಂಥ ನಂಟು ಕಟ್ಟಿದವರಿಗೆ ನಾನು ಹಳೇ ತಕರಾರನ್ನು ಅರ್ಧ ಮಾಫಿ ಮಾಡಿದ್ದೇನೆ. ನಮ್ಮ ಸೊಸೈಟಿಯ ಮೆಟ್ಟಿಲ ಮೇಲೆ ಮರಾಠಿ, ತೆಲುಗು, ಕನ್ನಡದ ಹುಡುಗರು ಒಬ್ಬನ ಆಟಕ್ಕೆ ಎಲ್ಲರೂ ಸೇರಿ, ಹೊಳೆಯನ್ನು ಹಾಳೆಯಲ್ಲಿ ಬರೆದುಕೊಂಡು, ನೋಡಿದ ಚೌಕಕ್ಕೆಲ್ಲ ಗೀಟು ಹಾಕುತ್ತಿದ್ದರು. 'ಅಪ್ಪಾ, ರಾಡಿಗೆ ನಮ್ಮಲ್ಲಿ ಏನಂತಾರೆ?' ಅಂತ ಮಗ ಕೇಳಿದ್ದು, 'ಗಾಳ' ಅನ್ನೋ ಮಾತು ಅವನ ನಾಲಗೆಗೆ ಬಂದದ್ದು ಆಗಲೇ.

ಊರಿನಲ್ಲಿರುವ ನೀವು 'ಹೊರನಾಡಿನ ಮಕ್ಕಳಿಗೆ ಹೊಳೆಯೇ ಗೊತ್ತಿಲ್ಲ' ಅಂತ ಮರುಗುವ ಮುಂಚೆ ಬೆಂಗಳೂರನ್ನು ನೋಡಿ. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ, ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಮಾಚಿದಾದ ಕಥೆಯೇ. ಈ ಆಟ ಹೊಳೆಗೆ ಬದಲಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಜಾಗ ಬಲ್ಲವನಿಗೆ ಹಳೇ ಗಾಳವೂ ಸಾಕು ಅನ್ನೋದನ್ನು ಅದು ಮಕ್ಕಳಿಗೆ ಕಲಿಸಿದೆ. ರಜೆಗೆ ಬಂದ ನಮ್ಮ ಮಕ್ಕಳು ನಿಮ್ಮ ಹಳ್ಳದ ಆ ಆರು ಜಾಗ ಯಾವುದು ಅಂತ ಕೇಳಿದರೆ, ತೋರಿಸೋದಕ್ಕೆ ಹಳ್ಳ ಉಳಿದಿರಲಿ.