ನಿಷ್ಠುರ ನುಡಿಯೂ ಅಭಿಮಾನಿಯ ಮನಸ್ಸೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ—ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಮಳೆಯ ವಿಷಯದಲ್ಲಿ ಬಡವಾದರೂ ಮಾತಿನ ವಿಷಯದಲ್ಲಿ ಎಂದೂ ಬಡವಾಗಿಲ್ಲ. ನೀರು ಬತ್ತಿದ ಕೆರೆಯಂಗಳವೇ ಇಲ್ಲಿಯ ಹುಡುಗರಿಗೆ ಕ್ರಿಕೆಟ್ ಮೈದಾನ. ಬಸ್ ನಿಲ್ದಾಣದ ಪತ್ರಿಕೆಯಂಗಡಿಯೂ ಅದರ ಪಕ್ಕದ ಹೋಟೆಲೂ ವಿಮರ್ಶಾಸಭೆಗಳು. ಬ್ಯಾಟು ಹಿಡಿದವನ ಗುಣದೋಷಗಳನ್ನು ಅಲ್ಲಿ ನಿರ್ಭಿಡೆಯಿಂದ ತೂಗುತ್ತಾರೆ. ಆದರೆ ಆಟದ ಕುರಿತು ಬರೆದವನೊಬ್ಬನು ನಾವು ಪೂಜಿಸುವ ಆಟಗಾರನ ನಡೆಯನ್ನೇ ಪ್ರಶ್ನಿಸಿದಾಗ ಅದೇ ಸಭೆ ಎರಡಾಗಿ ಒಡೆಯುತ್ತದೆ. ಹಾಗೆ ಒಡೆದ ಒಂದು ಪ್ರಸಂಗವನ್ನು ಇಲ್ಲಿ ಪರಾಮರ್ಶಿಸಲು ಯತ್ನಿಸಲಾಗಿದೆ. ಪ್ರಸಂಗ ಹಳೆಯದಾದರೂ ಅದು ಎತ್ತಿದ ಪ್ರಶ್ನೆ ಹಳತಾಗಿಲ್ಲ.

ಇತಿಹಾಸಕಾರ ಶ್ರೀ ರಾಮಚಂದ್ರ ಗುಹಾ ಅವರು ವಾಚಕರಿಗೆ ಅಪರಿಚಿತರಲ್ಲ. 1958ರಲ್ಲಿ ಡೆಹ್ರಾಡೂನಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿರುವ ಅವರ ಅಂಕಣಗಳು 'ಗುಹಾಂಕಣ' ಎಂಬ ಹೆಸರಿನಲ್ಲಿ 'ಪ್ರಜಾವಾಣಿ'ಯ ಮೂಲಕ ನಮ್ಮ ಊರುಗಳನ್ನೂ ತಲುಪಿವೆ. ಅವರು ಕ್ರಿಕೆಟ್ಟಿನ ಗಂಭೀರ ಲೇಖಕರೂ ಹೌದು. 2017ರ ಜನವರಿ 30ರಂದು ಸರ್ವೋಚ್ಚ ನ್ಯಾಯಾಲಯವು ಭಾರತ ಕ್ರಿಕೆಟ್ ನಿಯಂತ್ರಣ ಮಂಡಳಿಯ ಮೇಲ್ವಿಚಾರಣೆಗಾಗಿ ನಾಲ್ವರ ಆಡಳಿತ ಸಮಿತಿಯನ್ನು ನೇಮಿಸಿತು. ವಿನೋದ್ ರಾಯ್, ವಿಕ್ರಮ್ ಲಿಮಯೆ ಮತ್ತು ಡಯಾನಾ ಎಡುಲ್ಜಿ ಅವರೊಡನೆ ಗುಹಾ ಅವರೂ ಅದರ ಸದಸ್ಯರಾದರು. ನಾಲ್ಕೇ ತಿಂಗಳಲ್ಲಿ ಅವರು ರಾಜೀನಾಮೆಯಿತ್ತರು. ಅಧ್ಯಕ್ಷರಿಗೆ ಅವರು ಬರೆದ ಪತ್ರ ಜೂನ್ ಮೊದಲ ವಾರದಲ್ಲಿ ಪತ್ರಿಕೆಗಳಲ್ಲಿ ಪ್ರಕಟವಾಯಿತು.

ಆ ಪತ್ರದ ತಿರುಳು ಇಷ್ಟು: ಭಾರತೀಯ ಕ್ರಿಕೆಟ್ಟಿನಲ್ಲಿ ತಾರೆಗಳ ಆರಾಧನೆ ನಿಯಮವನ್ನು ನುಂಗಿದೆ. ಸುನಿಲ್ ಗಾವಸ್ಕರ್ ಅವರು ಆಟಗಾರರ ವ್ಯವಹಾರ ನೋಡಿಕೊಳ್ಳುವ ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದುಕೊಂಡೇ ಮಂಡಳಿಯ ಪರವಾಗಿ ವೀಕ್ಷಕ ವಿವರಣೆ ನೀಡುತ್ತಿದ್ದಾರೆ. ಟೆಸ್ಟ್ ಪಂದ್ಯಗಳಿಂದ ನಿವೃತ್ತರಾದ ಮಹೇಂದ್ರ ಸಿಂಗ್ ಧೋನಿಯವರಿಗೆ ಮೇಲಿನ ದರ್ಜೆಯ ಒಪ್ಪಂದ ದೊರೆತಿದೆ. ರಾಷ್ಟ್ರೀಯ ತಂಡಗಳ ಕೆಲವು ತರಬೇತುದಾರರಿಗೆ ಹತ್ತು ತಿಂಗಳ ಒಪ್ಪಂದವಿತ್ತು, ಉಳಿದೆರಡು ತಿಂಗಳು ಐಪಿಎಲ್ ತಂಡಗಳಲ್ಲಿ ದುಡಿಯಲು ಅವಕಾಶ ಕಲ್ಪಿಸಲಾಗಿದೆ. ಮುಖ್ಯ ತರಬೇತುದಾರ ಅನಿಲ್ ಕುಂಬ್ಳೆ ಅವರ ವಿಷಯವನ್ನು ಮಂಡಳಿ ಅಗೌರವದಿಂದ ನಿರ್ವಹಿಸಿದೆ.

ಭಾರತ 'ಎ' ಮತ್ತು ಹತ್ತೊಂಬತ್ತರೊಳಗಿನವರ ತಂಡಗಳಿಗೆ ಆಗ ತರಬೇತುದಾರರಾಗಿದ್ದವರು ರಾಹುಲ್ ದ್ರಾವಿಡ್. ಅವರು ಡೆಲ್ಲಿ ಡೇರ್‌ಡೆವಿಲ್ಸ್ ತಂಡಕ್ಕೆ ಮಾರ್ಗದರ್ಶಕರೂ ಆಗಿದ್ದರು. ಆದ್ದರಿಂದ ಪತ್ರದ ಬಾಣ ಯಾರತ್ತ ನೆಟ್ಟಿದೆಯೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಗಾವಸ್ಕರ್, ಧೋನಿ ಅವರ ಹೆಸರು ಬಂದಾಗ ಸುಮ್ಮನಿದ್ದ ನಮ್ಮ ಭಾಗದ ಓದುಗರು ದ್ರಾವಿಡರ ಸುದ್ದಿ ಬಂದೊಡನೆ ಕೆರಳಿದರು. ಇಂದೂರಿನಲ್ಲಿ ಜನಿಸಿ ಬೆಂಗಳೂರಿನಲ್ಲಿ ಬೆಳೆದ ದ್ರಾವಿಡರು ಕನ್ನಡಿಗರ ಮನೆಮಗ. ಅವರ ಸಜ್ಜನಿಕೆಯನ್ನು ತಾಯಂದಿರು ಮಕ್ಕಳಿಗೆ ಮಾದರಿಯಾಗಿ ತೋರಿಸುತ್ತಿದ್ದ ಕಾಲ ಅದು.

ಈ ಲೇಖಕನು ಆಗಲೂ ಅನಂತರವೂ ಕೇಳಿದ ಮಾತುಗಳನ್ನು ಮೂರು ಪಕ್ಷಗಳಾಗಿ ವಿಂಗಡಿಸಬಹುದು. ಮೊದಲನೆಯದು ಮೆಚ್ಚಿದವರ ಪಕ್ಷ: 'ಅಧಿಕಾರ ಬಿಟ್ಟು ಸತ್ಯ ಹೇಳಿದರು, ಇಂಥವರು ಎಷ್ಟು ಜನ?' ಎರಡನೆಯದು ಮುನಿದವರ ಪಕ್ಷ: 'ದೇಶಕ್ಕಾಗಿ ಒಂದು ಪಂದ್ಯವನ್ನೂ ಆಡದವರು, ಹದಿನಾರು ವರ್ಷ ದೇಶದ ಭಾರ ಹೊತ್ತವರನ್ನು ಪ್ರಶ್ನಿಸುವುದೇ?' ಮೂರನೆಯದು ನಡುವಿನವರದು: 'ಹೇಳಿದ್ದು ಸರಿ, ಹೇಳಿದ ರೀತಿ ಸರಿಯಲ್ಲ. ಚಾಂಪಿಯನ್ಸ್ ಟ್ರೋಫಿ ಆರಂಭವಾಗುವ ದಿನವೇ ಈ ರಂಪ ಬೇಕಿತ್ತೆ?'

ಮುನಿದವರ ವಾದವನ್ನೇ ಮೊದಲು ಪರಿಶೀಲಿಸೋಣ. ಆಡಿದವನಿಗೆ ಮಾತ್ರ ಆಟದ ಬಗ್ಗೆ ಹೇಳುವ ಹಕ್ಕಿದೆ ಎಂಬ ಮಾತು ಕವರ್ ಡ್ರೈವ್ ಕುರಿತ ಚರ್ಚೆಯಲ್ಲಿ ಸ್ವಲ್ಪ ಮಟ್ಟಿಗೆ ಸಲ್ಲುತ್ತದೆ. ಪ್ರಸ್ತುತ ಪ್ರಶ್ನೆ ಅದಲ್ಲ. ಒಬ್ಬನೇ ಮನುಷ್ಯ ಎರಡು ಕಡೆ ಸಂಬಳ ಪಡೆದಾಗ, ಒಂದು ಕಡೆಯ ಹಿತ ಇನ್ನೊಂದು ಕಡೆಯ ಕರ್ತವ್ಯಕ್ಕೆ ಅಡ್ಡ ಬರುವುದಿಲ್ಲವೇ ಎಂಬುದು ಪ್ರಶ್ನೆ. ದೇಶದ ಕಿರಿಯರನ್ನು ಆರಿಸಿ ಬೆಳೆಸುವವನೇ ಅವರನ್ನು ಹರಾಜಿನಲ್ಲಿ ಕೊಳ್ಳುವ ತಂಡಕ್ಕೂ ಸಲಹೆಗಾರನಾದರೆ ಸಂಶಯಕ್ಕೆ ಎಡೆಯಾಗುತ್ತದೆ. ಇದನ್ನರಿಯಲು ಶತಕ ಬಾರಿಸಿರಬೇಕಾಗಿಲ್ಲ. ಮಂಡಿಯಲ್ಲಿ ಕಡಲೆಕಾಯಿ ಮಾರಿದ ಪಾವಗಡದ ರೈತನಿಗೂ, ತೂಕ ಮಾಡುವವನೂ ಕೊಳ್ಳುವವನೂ ಒಬ್ಬನೇ ಆದರೆ ಏನಾಗುತ್ತದೆಂಬುದು ಚೆನ್ನಾಗಿ ಗೊತ್ತು.

ಹೀಗೆಂದ ಮಾತ್ರಕ್ಕೆ ಮೆಚ್ಚಿದವರ ಪಕ್ಷವೆಲ್ಲವೂ ಸಾಧುವೆನ್ನಲಾಗದು. ವಿಮರ್ಶಕನಾದವನು ಆ ಪತ್ರವನ್ನೂ ವಿಮರ್ಶೆಗೆ ಒಡ್ಡಬೇಕು. ಅದರ ಮುಖ್ಯ ದೋಷವೆಂದರೆ ಅಸಮಾನವಾದ ಸಂಗತಿಗಳನ್ನು ಒಂದೇ ತಕ್ಕಡಿಗೆ ಹಾಕಿದ್ದು. ಧೋನಿಯವರ ಒಪ್ಪಂದದ ದರ್ಜೆ ಆಯ್ಕೆಯ ವಿವೇಚನೆಗೆ ಸಂಬಂಧಿಸಿದ್ದೇ ಹೊರತು ಹಿತಾಸಕ್ತಿಯ ಸಂಘರ್ಷವಲ್ಲ. ಹತ್ತು ತಿಂಗಳ ಒಪ್ಪಂದದಲ್ಲಿ ಹೆಚ್ಚಿನ ತಪ್ಪು ಅದನ್ನು ಬರೆದುಕೊಟ್ಟ ಮಂಡಳಿಯದು. ಅಂದಿನ ನಿಯಮಗಳೊಳಗೇ ತಾವು ನಡೆದುಕೊಂಡಿದ್ದೇವೆಂಬ ದ್ರಾವಿಡರ ನಿಲುವಿನಲ್ಲೂ ಹುರುಳಿತ್ತು. ತಪ್ಪುಗಳ ಗಾತ್ರವನ್ನು ಬೇರೆಬೇರೆಯಾಗಿ ಅಳೆಯದ ಟೀಕೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಸಣ್ಣ ತಪ್ಪಿನವನಿಗೆ ದೊಡ್ಡ ನೋವನ್ನೂ ದೊಡ್ಡ ತಪ್ಪಿನವನಿಗೆ ಗುಂಪಿನ ಮರೆಯನ್ನೂ ಒದಗಿಸುತ್ತದೆ. ಇನ್ನೊಂದು ಆಕ್ಷೇಪವೂ ಉಂಟು. ಸಮಿತಿಯಲ್ಲಿ ಉಳಿದವರು, ವಿಶೇಷವಾಗಿ ರಾಯ್ ಮತ್ತು ಎಡುಲ್ಜಿಯವರು, 2019ರ ಅಕ್ಟೋಬರಿನವರೆಗೆ ಆ ಭಾರವನ್ನು ಹೊತ್ತರು. ಬಿಟ್ಟು ಹೊರನಡೆದು ಹೇಳುವುದಕ್ಕೂ ಒಳಗಿದ್ದು ತಿದ್ದುವುದಕ್ಕೂ ಅಂತರವಿದೆ. ಮೊದಲನೆಯದಕ್ಕೆ ಮಾತ್ರ ಕೀರ್ತಿ ಸಲ್ಲುವುದು ನ್ಯಾಯವಲ್ಲ.

ಮೂರನೆಯ ಪಕ್ಷದವರ ಸಮಯೋಚಿತತೆಯ ವಾದ ಹೊರನೋಟಕ್ಕೆ ಸೌಮ್ಯವಾದುದು. ಹಿತವಾಗಿ, ಮಿತವಾಗಿ ನುಡಿಯಬೇಕೆಂಬುದು ನಮ್ಮೆಲ್ಲರಿಗೂ ಹಿರಿಯರಿಂದ ಬಂದ ಬುದ್ಧಿಮಾತು. ಆದರೆ 'ಹಿತ' ಎಂಬುದು ಕೇಳುವವನಿಗೆ ಇಂಪಾದುದು ಎಂದಲ್ಲ, ಒಳಿತು ಮಾಡುವಂಥದು ಎಂದು. ಇದನ್ನು ನಾವು ಅನುಕೂಲಕ್ಕಾಗಿ ಮರೆಯುತ್ತೇವೆ. ಕ್ರಿಕೆಟ್ಟಿನಲ್ಲಿ ಒಂದು ಪಂದ್ಯಾವಳಿ ಮುಗಿಯುವ ಮೊದಲೇ ಇನ್ನೊಂದು ಆರಂಭವಾಗುತ್ತದೆ. 'ಈಗ ಬೇಡ' ಎಂಬುದು ಅಲ್ಲಿ ಬಹುಮಟ್ಟಿಗೆ 'ಎಂದಿಗೂ ಬೇಡ' ಎಂಬುದರ ಮೃದುವಾದ ರೂಪ. ಎರಡೂ ಕಡೆ ಸತ್ಯವಿದೆಯೆಂದು ಹೇಳಿ ಕೈತೊಳೆದುಕೊಳ್ಳುವುದು ಸಮದೃಷ್ಟಿಯಲ್ಲ. ಯಾವ ಕಡೆ ಎಷ್ಟು ಸತ್ಯವಿದೆಯೆಂದು ತೂಗಿ ಹೇಳುವ ಶ್ರಮವೇ ಸಮದೃಷ್ಟಿ.

ಇನ್ನು ಪತ್ರ ಬರೆದವರ ಯೋಗ್ಯತೆಯ ಮಾತು. ಅದನ್ನು ಅವರ ಉಳಿದ ಬರೆಹಗಳಿಂದ ಅಳೆಯುವುದು ಕ್ರಮ. 2002ರಲ್ಲಿ ಪ್ರಕಟವಾದ ಅವರ 'ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್' ಗ್ರಂಥ ಪಾಲ್ವಂಕರ್ ಬಾಲೂ ಅವರನ್ನು ನಾಡಿಗೆ ಮರುಪರಿಚಯಿಸಿತು. ಬಾಲೂ 1876ರಲ್ಲಿ ನಮ್ಮ ಧಾರವಾಡದಲ್ಲಿ ಜನಿಸಿದವರು, ದಲಿತ ಕುಟುಂಬದವರು. ಪುಣೆಯಲ್ಲಿ ಆಂಗ್ಲರ ಮೈದಾನದ ಕೆಲಸಗಾರರಾಗಿದ್ದುಕೊಂಡೇ ಎಡಗೈ ಸ್ಪಿನ್ ಬೌಲಿಂಗಿನಲ್ಲಿ ಪಳಗಿದರು. ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಿತ್ತು. ಆದರೆ ಚಹಾ ಮಾತ್ರ ಪೆವಿಲಿಯನ್ನಿನ ಹೊರಗೆ, ಬೇರೆಯೇ ಮಣ್ಣಿನ ಬಟ್ಟಲಿನಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಪಡೆದರು. ಆದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಲ್ಲಲಿಲ್ಲ. ಅವರ ತಮ್ಮ ವಿಠಲ್ ಅವರಿಗೆ ಅದು ದೊರೆತದ್ದು 1923ರಲ್ಲಿ. ಆಡಲಾರದ ಲೇಖಕನೊಬ್ಬನು ಆಟಕ್ಕೆ ಮಾಡಬಹುದಾದ ಸೇವೆ ಏನೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಮರೆತವರನ್ನು ಎತ್ತಿ ತೋರಿದ ಲೇಖನಿಯೇ ಮೆರೆಯುವವರನ್ನು ಪ್ರಶ್ನಿಸಿತು. ಇವೆರಡೂ ಬೇರೆಬೇರೆ ಗುಣಗಳಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಗುಹಾ ಅವರು ಕರ್ನಾಟಕ ತಂಡದ ಬಹಿರಂಗ ಅಭಿಮಾನಿ. 1974ರಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕವು ಮುಂಬಯಿಯ ಹದಿನೈದು ವರ್ಷಗಳ ರಣಜಿ ದೊರೆತನವನ್ನು ಕೊನೆಗಾಣಿಸಿತು. ಆ ಗೆಲುವಿನಲ್ಲಿ ಹಿಗ್ಗಿದ ಪೀಳಿಗೆ ಅವರದು. ಗುಂಡಪ್ಪ ವಿಶ್ವನಾಥರನ್ನು ಅವರು ಆರಾಧಿಸುತ್ತಾರೆ. 2020ರಲ್ಲಿ ಬಂದ 'ದಿ ಕಾಮನ್‌ವೆಲ್ತ್ ಆಫ್ ಕ್ರಿಕೆಟ್' ಈ ಪ್ರೀತಿಯ ಪುಸ್ತಕವೇ ಸರಿ. ಅಂಥವರು ಎದುರು ಪಕ್ಷದ ತಾರೆಯನ್ನು ಟೀಕಿಸಿ ನಮ್ಮವರನ್ನು ಬಿಟ್ಟಿದ್ದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ಅವರು ಹಾಗೆ ಮಾಡಲಿಲ್ಲ. ಗಾವಸ್ಕರರಿಗೆ ಹಿಡಿದ ಅಳತೆಗೋಲನ್ನೇ ಬೆಂಗಳೂರಿನವರಿಗೂ ಹಿಡಿದರು. ನಿಷ್ಠುರತೆಯ ನಿಜವಾದ ಪರೀಕ್ಷೆ ಇದೇ ಎಂದು ಈ ಲೇಖಕನ ನಂಬಿಕೆ.

ಇದರೊಡನೆ 2023ರ ಫೆಬ್ರವರಿಯ ಇನ್ನೊಂದು ಪ್ರಸಂಗವನ್ನು ಹೋಲಿಸಬಹುದು. ಮಾಜಿ ವೇಗದ ಬೌಲರ್ ವೆಂಕಟೇಶ್ ಪ್ರಸಾದ್ ಅವರು ತಮ್ಮದೇ ರಾಜ್ಯದ ಕೆ.ಎಲ್. ರಾಹುಲ್ ಅವರ ಆಯ್ಕೆಯನ್ನು ಬಹಿರಂಗವಾಗಿ ಖಂಡಿಸಿದರು. 46 ಟೆಸ್ಟ್‌ಗಳ ನಂತರವೂ ಸರಾಸರಿ ಸುಮಾರು 34. ಆಯ್ಕೆಗೆ ಕಾರಣ ಸಾಧನೆಯಲ್ಲ, ಪಕ್ಷಪಾತ ಎಂಬುದು ಅವರ ವಾದ. ಅಂದೂ ಅಭಿಮಾನಿಗಳು ಇಬ್ಭಾಗವಾದರು. ಇಂದೂರಿನ ಮೂರನೆಯ ಟೆಸ್ಟಿನಲ್ಲಿ ರಾಹುಲ್ ಬದಲು ಶುಭಮನ್ ಗಿಲ್ ಆಡಿದರು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಸೆಂಚೂರಿಯನ್ನಿನಲ್ಲಿ ರಾಹುಲ್ 101 ರನ್ ಗಳಿಸಿದಾಗ ಅನೇಕರಿಗೆ ಆ ಖಂಡನೆ ಅವಸರದ್ದೆನಿಸಿತು. ಇದರಿಂದ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. ಆಟದ ಸಾಮರ್ಥ್ಯದ ಬಗೆಗಿನ ಟೀಕೆಗೆ ನಾಳೆಯ ಇನ್ನಿಂಗ್ಸ್ ಉತ್ತರ ಕೊಡಬಲ್ಲದು. ನಡತೆಯ ಬಗೆಗಿನ ಟೀಕೆಗೆ ನಡತೆಯೇ ಉತ್ತರ ಕೊಡಬೇಕು.

ಆ ಉತ್ತರ ದ್ರಾವಿಡರಿಂದ ಬಂತು. 2017ರ ಜೂನ್ ಕೊನೆಯಲ್ಲಿ ಮಂಡಳಿ ಅವರ ಒಪ್ಪಂದವನ್ನು ಎರಡು ವರ್ಷಕ್ಕೆ ವಿಸ್ತರಿಸಿದಾಗ ಅವರು ಐಪಿಎಲ್ ಹುದ್ದೆಯನ್ನು ತೊರೆದು ಕಿರಿಯರ ತರಬೇತಿಯನ್ನೇ ಆರಿಸಿಕೊಂಡರು. 2018ರಲ್ಲಿ ಆ ಕಿರಿಯರು ವಿಶ್ವಕಪ್ ಗೆದ್ದರು. ಮಂಡಳಿ ದ್ರಾವಿಡರಿಗೆ 50 ಲಕ್ಷ, ಸಹಾಯಕರಿಗೆ ತಲಾ 20 ಲಕ್ಷ ರೂಪಾಯಿ ಘೋಷಿಸಿತು. ಈ ತಾರತಮ್ಯ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಎಲ್ಲರಿಗೂ ಸಮಾನವಾಗಿ 25 ಲಕ್ಷವೆಂದು ನಿಶ್ಚಯವಾಯಿತು. 2019ರಲ್ಲಿ ಇನ್ನೊಂದು ಹುದ್ದೆಯ ಸಂಬಂಧವಾಗಿ ಹಿತಾಸಕ್ತಿ ಸಂಘರ್ಷದ ದೂರು ಬಂದಾಗ ಅವರು ವಿಚಾರಣೆಗೆ ಹಾಜರಾದರು, ದೂರು ವಜಾ ಆಯಿತು. ಟೀಕೆಗೊಳಗಾದ ದ್ರಾವಿಡರು ಅದರಿಂದ ಕುಗ್ಗಲಿಲ್ಲ. ಅವರ ಪರವಾಗಿ ಕೋಪಗೊಂಡ ನಾವು ಅವರನ್ನು ಅವರಿಗಿಂತ ದುರ್ಬಲರೆಂದು ಭಾವಿಸಿದ್ದೆವು ಅಷ್ಟೆ.

ಕೊನೆಯದಾಗಿ, ದೂರದ ಮಾತನ್ನು ಹತ್ತಿರಕ್ಕೆ ತರಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಭಾಗದ ಒಂದು ಟೆನಿಸ್ ಬಾಲ್ ಪಂದ್ಯಾವಳಿಯಲ್ಲಿ ಬಹುಮಾನದ ಹಣ ಕೊಟ್ಟವರೇ ಒಂದು ತಂಡದ ವ್ಯವಸ್ಥಾಪಕರಾಗಿದ್ದರು. ಅಂತಿಮ ಪಂದ್ಯಕ್ಕೆ ಅಂಪೈರ್ ಆಗಿ ನಿಂತವರೂ ಅವರೇ. ನಿವೃತ್ತ ಮೇಷ್ಟರೊಬ್ಬರು ಎದ್ದು, 'ಸ್ವಾಮಿ, ಮೂರು ಕೆಲಸದಲ್ಲಿ ಒಂದನ್ನಾದರೂ ಬಿಡಿ' ಎಂದರು. ನೆರೆದವರಿಗೆ ಸಿಟ್ಟು ಬಂದದ್ದು ವ್ಯವಸ್ಥೆಯ ಮೇಲಲ್ಲ, ಮೇಷ್ಟರ ಮೇಲೆ. 'ದುಡ್ಡು ಕೊಟ್ಟು ಊಟ ಹಾಕಿಸಿದವರನ್ನು ಹೀಗೆ ಅವಮಾನ ಮಾಡುವುದೇ?' ಎಂದು ಕೂಗಿದರು. ಅವರ ಮಾತು ಸರಿಯೆಂದು ಬಲ್ಲ ಕೆಲವರು ಅಲ್ಲಿದ್ದೆವು, ಈ ಲೇಖಕನೂ ಇದ್ದ. ಯಾರೂ ಬಾಯಿ ತೆರೆಯಲಿಲ್ಲ. ಮೇಷ್ಟರು ಕುರ್ಚಿಯಿಂದ ಎದ್ದು ಹೊರಟುಹೋದರು.

ಮರುವರ್ಷ ಆ ದಾನಿಗಳು ತಾವಾಗಿಯೇ ಅಂಪೈರ್ ಕೆಲಸಕ್ಕೆ ಹೊರ ತಾಲ್ಲೂಕಿನಿಂದ ಇಬ್ಬರನ್ನು ಕರೆಸಿದರು. ಪಂದ್ಯಾವಳಿ ಜಗಳವಿಲ್ಲದೆ ಮುಗಿಯಿತು; ಎಲ್ಲರೂ ಅವರ ಔದಾರ್ಯವನ್ನು ಹೊಗಳಿದರು. ಮೇಷ್ಟರಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ತೋರಲಿಲ್ಲ. ಅವರು ಮತ್ತೆ ಆಟ ನೋಡಲು ಬರಲೂ ಇಲ್ಲ. ನಿಷ್ಠುರವಾದಿಗಳ ತಪ್ಪುಗಳನ್ನು ಪಟ್ಟಿ ಮಾಡುವುದು ಸುಲಭ, ಈ ಲೇಖನದಲ್ಲೂ ಅದನ್ನು ಮಾಡಲಾಗಿದೆ. ಆದರೆ ಅವರಿಂದ ಪಡೆದ ಉಪಕಾರದ ಲೆಕ್ಕವನ್ನೂ ಜೊತೆಗೇ ಬರೆದಿಡುವುದು ಅಭಿಮಾನಿಗಳೆನಿಸಿಕೊಂಡ ನಮ್ಮೆಲ್ಲರ ಮೇಲಿರುವ ಋಣ.